ಗೆದ್ದವನು ಯಂತ್ರಕ್ಕೆ ಕೈಮುಗಿದದ್ದು

ನಾಗರಪಂಚಮಿಯ ಮರುದಿನ ಶಾಲೆಯ ಚೀಲವನ್ನು ಜಗಲಿಯ ಮೇಲಿಟ್ಟು ಮನೆ ಬಿಟ್ಟವನು ಗವಿಯಪ್ಪ. ಅಂದಿನಿಂದ ಅವನ ಕಾಲು ಒಂದು ಕಡೆ ನಿಂತದ್ದಿಲ್ಲ. ಊರೂರು ತಿರುಗಿ, ಮಠ ಮಠ ಕಂಡು, ಕೊನೆಗೆ ಒಬ್ಬ ಗುರುವಿನ ಬಳಿ ಬಂದು ಸೇರಿದ. ಅಲ್ಲೂ ಬೇಸರ ಬಂತು. ಒಂದು ಸಂಜೆ ಕೇಳಿಯೇಬಿಟ್ಟ:

"ಹೋದಲ್ಲೆಲ್ಲ ನನಗೆ ಭೇಷ್ ಅಂದರು. ನೀವೊಬ್ಬರೇ ಬೆಳಗಾದರೆ ತಪ್ಪು ಹಿಡಿಯುತ್ತೀರಿ. ನಾಳೆ ಹೊರಡೋಣ ಅಂತಿದ್ದೇನೆ ಗುರುಗಳೇ. ಇಲ್ಲಿದ್ದು ನನಗೆ ಸಿಕ್ಕಿದ್ದೇನು?"

ಗುರು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಚದುರಂಗದ ಆಟಗಾರನಿದ್ದ. ಆ ಊರಲ್ಲಿ ಒಂದು ವಾಡಿಕೆ: ಯಾರಿಗೂ ಸೋಲದವನೇ ಮಕ್ಕಳಿಗೆ ಆಟ ಕಲಿಸಬೇಕು. ಬಹುಕಾಲದಿಂದ ಕಲಿಸುತ್ತಿದ್ದವನು ಅವನೇ. ಮಕ್ಕಳೆಂದರೆ ಅವನಿಗೆ ಜೀವ. ಒಮ್ಮೆ ಒಬ್ಬ ವ್ಯಾಪಾರಿ ಚದುರಂಗ ಆಡುವ ಕಂಪ್ಯೂಟರ್ ತಂದಿಟ್ಟ. ಊರವರು, "ದೀಪಾವಳಿಯೊಳಗೆ ಇದನ್ನು ಒಂದಾಟ ಗೆಲ್ಲು. ಆಗದಿದ್ದರೆ ಇನ್ನು ಮಕ್ಕಳಿಗೆ ಇದೇ ಕಲಿಸಲಿ" ಎಂದರು.

ಕುದುರೆ ಹಾರಿಸಿ ಮೇಲೆ ಬೀಳುವುದು ಆಟಗಾರನ ಅಭ್ಯಾಸ. ಬಿದ್ದ. ಸೋತ. ಮರುದಿನವೂ ಬಿದ್ದ, ಸೋತ. ಮನೆಯಲ್ಲಿ ಹೆಂಡತಿ ಕೇಳಿದಳು, "ಬಾಗಿಲು ನೀವೇ ತೆಗೆದು, ಒಳಗೆ ಬಂತು ಅಂತ ಅಳೋದ್ಯಾಕೆ?"

ಅಂದಿನಿಂದ ಅವನು ದುಡುಕಲಿಲ್ಲ. ಕಾಲಾಳಿಗೆ ಕಾಲಾಳು ಎದುರು ನಿಲ್ಲಿಸಿ ದಾರಿಯನ್ನೆಲ್ಲ ಮುಚ್ಚಿದ. ಏನನ್ನೂ ಕಡಿಯಲಿಲ್ಲ, ಕಡಿಯಗೊಡಲೂ ಇಲ್ಲ. ತನ್ನ ಆನೆಯನ್ನು ಒಂದು ಮನೆ ಆಚೆ, ಒಂದು ಮನೆ ಈಚೆ ಸರಿಸುತ್ತ ಕುಳಿತ. ಹೀಗೇ ಸಾಗಿದರೆ ಆಟ ಸಮ. ಯಂತ್ರದ ಲೆಕ್ಕದಲ್ಲಿ ತಾನೇ ಮೇಲು. ಸಮ ಅದಕ್ಕೆ ಒಗ್ಗದು. ಬೇರೆ ದಾರಿ ಕಾಣದೆ ಅದು ತನ್ನ ರಾಜನಿಗೆ ಕಾವಲಿದ್ದ ಕಾಲಾಳನ್ನೇ ಮುಂದೆ ನೂಕಿತು. ಕಾದು ನಿಂತಿದ್ದ ಆಟಗಾರನ ಕುದುರೆ ಆಗ ಹಾರಿತು.

ಗೆದ್ದವನು ಎದ್ದು ಯಂತ್ರಕ್ಕೆ ಕೈಮುಗಿದ. ಊರವರು ನಕ್ಕರು. "ಸೋತ ಯಂತ್ರಕ್ಕೆ ನಮಸ್ಕಾರವೇನಯ್ಯಾ?"

"ನನ್ನ ದುಡುಕನ್ನು ನೀವೆಲ್ಲ ಇಷ್ಟು ವರ್ಷ ಸಹಿಸಿಕೊಂಡಿರಿ. ಇದು ಒಂದು ಸಲವೂ ಬಿಡಲಿಲ್ಲ. ಇದರ ಪುಣ್ಯ, ಮಕ್ಕಳಿಗೆ ಕಲಿಸೋದಕ್ಕೆ ಈಗ ನನ್ನ ಹತ್ತಿರ ಏನೋ ಇದೆ" ಎಂದ.

ಕತೆ ಮುಗಿಯಿತು. ಗವಿಯಪ್ಪ ತಲೆ ತಗ್ಗಿಸಿ, "ಹಾಗಾದರೆ ನನ್ನ ಪಾಲಿಗೆ ನೀವೇ ಆ ಯಂತ್ರ" ಎಂದ.

ಗುರು ಹೇಳಿದರು: "ತಪ್ಪು ಹಿಡಿಯುವಾಗ ಅದಕ್ಕೆ ನೋಯುತ್ತಿರಲಿಲ್ಲ, ತಮ್ಮಾ."

ಗವಿಯಪ್ಪ ಅವರ ಪಾದಕ್ಕೆ ಹಣೆ ಹಚ್ಚಿದ. ಆದರೂ ಅವನ ಕಾಲು ನಿಲ್ಲಲೊಲ್ಲದು. ಬಹಳ ಹೊತ್ತಿನ ಮೇಲೆ ಎದ್ದು, ಹಗ್ಗದ ಮೇಲಿದ್ದ ಪಂಚೆ ತೆಗೆದು, ಮಡಿಸಿ, ಜೋಳಿಗೆಗೆ ತುಂಬತೊಡಗಿದ.