ದೀಪದ ಮೇಲಿನ ಚಿತ್ರ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ನನ್ನ ತಮ್ಮ ಆಗಾಗ ಫೋನ್ ಮಾಡಿ, ‘ಸಾಯುತ್ತಿದ್ದೇನೆ, ಬಾ’ ಎನ್ನುತ್ತಿದ್ದ. ಓಡಿಹೋಗಿ ನೋಡಿದರೆ ಕುಡಿದು ಕೂತಿರುತ್ತಿದ್ದ. ಸಾಕಾಗಿ, ಅವನ ಫೋನ್ ಬಂದರೆ ನನಗೆ ತಿಳಿಸಲೇಬೇಡಿ ಎಂದು ಆಶ್ರಮದ ಕಚೇರಿಯವರಿಗೆ ಹೇಳಿಬಿಟ್ಟೆ. ಅಂದಿನಿಂದ ಜಪದಲ್ಲಿ ಮನಸ್ಸು ನಿಲ್ಲುತ್ತಿದೆ. ಇದರಲ್ಲಿ ತಪ್ಪೇನಾದರೂ ಇದೆಯೇ?”

ಗುರುಗಳು ಈ ಕತೆ ಹೇಳಿದರು.

ಒಬ್ಬ ಕಾರು ಚಾಲಕನಿದ್ದ. ಬೆಳಿಗ್ಗೆ ಊರಿನವರನ್ನು ಪೇಟೆಗೆ ಒಯ್ಯುವುದು, ಸಂಜೆ ಕರೆತರುವುದು ಅವನ ಕೆಲಸ. ಎಲ್ಲ ದಿನಗಳಂತೆಯೇ ಇದ್ದ ಒಂದು ದಿನ, ಅರ್ಧ ದಾರಿಯಲ್ಲಿ, ಅವನ ಕಣ್ಣೆದುರಿನ ಫಲಕದಲ್ಲಿ ಎಂಜಿನ್ ಎಣ್ಣೆಯ ಎಚ್ಚರಿಕೆಯ ಕೆಂಪು ದೀಪ ಹೊತ್ತಿಕೊಂಡಿತು. ಎಣ್ಣೆಯ ಒತ್ತಡ ಬಿದ್ದುಹೋದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಕಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಲ್ಲೇ ನಿಲ್ಲಿಸಿ ಅಳತೆಕಡ್ಡಿ ಎಳೆದು ನೋಡಿದ. ಎಣ್ಣೆ ಬೇಕಾದಷ್ಟಿತ್ತು.

ಪೇಟೆಯ ಮೆಕ್ಯಾನಿಕ್ ದೀಪವನ್ನೂ ನಂಬಲಿಲ್ಲ, ಕಡ್ಡಿಯನ್ನೂ ನಂಬಲಿಲ್ಲ. ಎಂಜಿನ್ನಿನ ಪಕ್ಕದಲ್ಲಿದ್ದ, ಆ ದೀಪ ಹೊತ್ತಿಸುವ ಒತ್ತಡದ ಸೆನ್ಸರನ್ನು ಬಿಚ್ಚಿ, ಅದೇ ತೂತಿಗೆ ತನ್ನ ಮುಳ್ಳಿನ ಮಾಪಕವನ್ನು ತಿರುಪಿ ಕೂರಿಸಿ, ಕಾರು ಚಾಲೂ ಮಾಡಿಸಿದ. ಮುಳ್ಳು ಏರಿತು. ಇರಬೇಕಾದ ಜಾಗದಲ್ಲಿ ನಿಂತಿತು.

“ಎಂಜಿನ್ ಗುಂಡುಕಲ್ಲಿನ ಹಾಗಿದೆ ಮಾರಾಯ. ಸುಳ್ಳು ಹೇಳುತ್ತಿರುವುದು ಈ ಸೆನ್ಸರ್,” ಎಂದ. “ಹೊಸದು ತರಿಸುತ್ತೇನೆ. ಅದು ಬರುವವರೆಗೆ, ದೀಪ ಹೊತ್ತಿದಾಗಲೆಲ್ಲ ಇಳಿದು ಎಣ್ಣೆ ನೋಡು.”

ಚಾಲಕ ಹಾಗೆಯೇ ಮಾಡಿದ. ದೀಪ ಹೊತ್ತಿದಾಗಲೆಲ್ಲ ಇಳಿದ, ಕಡ್ಡಿ ಒರೆಸಿದ, ಅದ್ದಿದ, ನೋಡಿದ. ಹಿಂದಿನ ಸೀಟಿನವರು ನಗತೊಡಗಿದರು. “ಏನಯ್ಯಾ, ದಿನಾ ಕಾರಿಗೆ ಜ್ವರ ನೋಡ್ತೀಯಲ್ಲ, ಒಂದು ಗುಳಿಗೆ ಕೊಡಬಾರದಾ?” ಎಂದು ಒಬ್ಬ ಕಿಚಾಯಿಸಿದ. ಅವನಿಗೆ ನಾಚಿಕೆಯಾಯಿತು. ಊದಿನಕಡ್ಡಿಯ ಪೊಟ್ಟಣದ ಜೊತೆ ಹನುಮಂತನ ಪುಟ್ಟ ಅಂಟುಚಿತ್ರವೊಂದು ಬಂದಿತ್ತು. ಅದನ್ನು ಸರಿಯಾಗಿ ಆ ದೀಪದ ಮೇಲೆ ಅಂಟಿಸಿದ. ದೀಪ ಕಾಣದಾಯಿತು. ದಿನವೂ ಹೊರಡುವ ಮುನ್ನ ಆ ಚಿತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದ. ಮನಸ್ಸು ಹಗುರವಾಗಿತ್ತು.

ಹೊಸ ಸೆನ್ಸರ್ ಬಂತು. ಮೆಕ್ಯಾನಿಕ್ ಅದನ್ನು ಕೂರಿಸಿ, ಎತ್ತಿದ ಬಾನೆಟ್ಟಿನ ಆಚೆಯಿಂದ ಕೂಗಿ ಕೇಳಿದ:

“ಚಾಲೂ ಮಾಡು. ದೀಪ ಆರಿತಾ?”

ಚಾಲಕ ಹನುಮಂತನನ್ನು ನೋಡಿದ. ಕಿತ್ತರೆ ಚಿತ್ರ ಹರಿದೀತು. ದೇವರ ಚಿತ್ರ ಹರಿಯುವುದಕ್ಕೆ ಅವನ ಕೈ ಬರಲಿಲ್ಲ.

“ಆರಿತು,” ಎಂದ.

ಸ್ವಲ್ಪ ಕಾಲ ಕಳೆಯಿತು. ಒಂದು ಮಧ್ಯಾಹ್ನ ಹುಲ್ಲು ಕೊಯ್ಯುತ್ತಿದ್ದ ಅವನ ಹೆಂಡತಿಗೆ ಹಾವು ಕಚ್ಚಿತು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಕಾರು ಚೆನ್ನಾಗಿಯೇ ಓಡುತ್ತಿತ್ತು. ದಾರಿಯಲ್ಲಿ ತರಕಾರಿ ಮಂಡಿಯ ಎದುರು, ನಿಂತ ಲಾರಿಗಳ ಸಂದಿಯಲ್ಲಿ ನುಗ್ಗುವಾಗ, ಕಾರಿನ ಹೊಟ್ಟೆಗೆ ಕಲ್ಲೊಂದು ಬಡಿಯಿತು.

“ಏನದು ಸದ್ದು?” ಎಂದಳು ಅವಳು. ಅವಳ ರೆಪ್ಪೆಗಳು ಆಗಲೇ ಜೋತುಬಿದ್ದಿದ್ದವು.

ಅವನು ಫಲಕದ ಕಡೆ ಕಣ್ಣು ಹಾಯಿಸಿದ. ಹನುಮಂತ ಇದ್ದ. “ಏನೂ ಇಲ್ಲ, ಕಲ್ಲು. ನೀನು ಕಣ್ಣು ಮುಚ್ಚಬೇಡ, ನನ್ನ ಜೊತೆ ಮಾತಾಡುತ್ತಿರು,” ಎಂದ.

ಅಲ್ಲಿ ನಿಲ್ಲಿಸಿದ್ದರೆ, ಕೇಳಿದರೆ ಯಾರಾದರೂ ತಮ್ಮ ಗಾಡಿ ಬಿಟ್ಟುಕೊಡುತ್ತಿದ್ದರು. ಅವನು ನಿಲ್ಲಿಸಲಿಲ್ಲ. ಮಂಡಿ ದಾಟಿದ ಮೇಲೆ ಬರಿಯ ಬಯಲು. ಎಂಜಿನ್ ಕಟಕಟ ಎಂದಿತು, ಕಿರುಚಿತು, ಕಚ್ಚಿಕೊಂಡು ನಿಂತಿತು. ಅವನು ಹೆಂಡತಿಯನ್ನು ಹೆಗಲ ಮೇಲೆ ಹಾಕಿಕೊಂಡು ನಡೆದ. ಒಂದು ಟ್ರ್ಯಾಕ್ಟರ್ ಸಿಗುವ ಹೊತ್ತಿಗೆ ಅವಳು ಮಾತಾಡುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಆಸ್ಪತ್ರೆಯವರು ಅವಳನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಬಿಳಿ ಬಟ್ಟೆ ಹೊದಿಸಿ ಕೊಟ್ಟರು.

ಕರ್ಮಗಳೆಲ್ಲ ಮುಗಿದ ಮೇಲೆ ಅವನು ಮೆಕ್ಯಾನಿಕ್‌ನನ್ನು ಕಾರಿನ ಬಳಿಗೆ ಕರೆದೊಯ್ದ. “ನಿನ್ನ ಹೊಸ ಸೆನ್ಸರ್ ನನ್ನ ಮನೆ ಹಾಳು ಮಾಡಿತು. ಎಣ್ಣೆಯೆಲ್ಲ ಸೋರಿಹೋದರೂ ಅದು ಒಂದು ಮಾತು ಹೇಳಲಿಲ್ಲ,” ಎಂದ.

ಮೆಕ್ಯಾನಿಕ್ ಒಳಗೆ ಕೂತು ಕೀಲಿ ತಿರುಗಿಸಿದ. ಫಲಕವನ್ನು ನೋಡಿದ. ಆಮೇಲೆ ಉಗುರಿನಿಂದ ಚಿತ್ರದ ಒಂದು ಮೂಲೆಯನ್ನು ಮೆಲ್ಲಗೆ ಎಬ್ಬಿಸಿದ.

ದೀಪ ಉರಿಯುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ಮೊದಲು ಆ ದೀಪ ಸುಳ್ಳು ಹೇಳಿದ್ದಂತೂ ನಿಜವಲ್ಲವೇ?” ಎಂದ.

“ನಿಜ,” ಎಂದರು ಗುರುಗಳು. “ನಿನ್ನ ತಮ್ಮ ಕಡೆಯ ಸಲ ಫೋನ್ ಮಾಡಿದ್ದು ಯಾವತ್ತು?”

ಶಿಷ್ಯನಿಗೆ ಅದು ಗೊತ್ತಿರಲಿಲ್ಲ.