ಹೆಬ್ಬಾಗಿಲ ಕಲ್ಲಿನ ಹನ್ನೆರಡನೆಯ ಸಾಲು

ಎಲ್ಲರೂ ಕೂತಿರಾ? ಹಿಂದಿನವರಿಗೂ ಕೇಳಿಸುತ್ತಾ? ಸರಿ.

ಕೇದಗೆಪುರ ಅಂತ ಒಂದು ರಾಜ್ಯ. ಅಲ್ಲಿ ಒಬ್ಬ ದೊರೆಯಿದ್ದ. ದೊರೆಗೊಂದು ಕೋಟೆಯಿತ್ತು. ಕೋಟೆಗೊಂದು ಹೆಬ್ಬಾಗಿಲಿತ್ತು. ಇವೆಲ್ಲಕ್ಕಿಂತ ದೊಡ್ಡವರು ಪಂಡಿತ ತ್ರಿಲೋಚನಯ್ಯನವರು. ದೊಡ್ಡವರು ಅಂದದ್ದು ನಾನಲ್ಲ, ಅವರೇ.

ಪಂಡಿತರಿಗೆ ತಿಳಿಯದ ಶಬ್ದವಿರಲಿಲ್ಲ. ಯಾವ ಮಾತಿಗೆ ಏನರ್ಥ ಎಂದು ಊರವರು ಜಗಳವಾಡಿಕೊಂಡರೆ ಅವರ ಜಗಲಿಗೆ ಬರುತ್ತಿದ್ದರು. ಪಂಡಿತರು ಕಣ್ಣು ಮುಚ್ಚುವರು. ಎಲೆ ಅಡಿಕೆ ಜಗಿಯುವರು. ಉಗುಳುವರು. ಆಮೇಲೆ ಅರ್ಥ ಹೇಳುವರು. ಅವರು ಹೇಳಿದ ಮೇಲೆ ಆ ಶಬ್ದಕ್ಕೆ ಅದೇ ಅರ್ಥ; ಶಬ್ದಕ್ಕೆ ಒಪ್ಪಿಗೆ ಇರಲಿ, ಇಲ್ಲದಿರಲಿ.

ಆ ರಾಜ್ಯದಲ್ಲಿ ಹನ್ನೆರಡು ಕುಲದವರು ಇದ್ದರು. ಹನ್ನೆರಡನೆಯವರು ಕಡೆಗೆ ಬಂದವರು. ನಾಲ್ಕು ತಲೆಮಾರಿನ ಹಿಂದೆ ಮಳೆ ಕೈಕೊಟ್ಟಾಗ ಬೆಳುಗಲ್ಲು ಅನ್ನೋ ಬೆಟ್ಟದಿಂದ ಇಳಿದು ಬಂದಿದ್ದರು. ಒಂದು ಬೇಸಿಗೆ ಊರವರ ಹಿತ್ತಿಲ ಬಾಗಿಲಲ್ಲಿ ನಿಂತು ಹಿಂದಿನ ದಿನದ ತಂಗಳನ್ನ ಇಸಿದುಕೊಂಡು ತಿಂದರು. ಒಂದೇ ಬೇಸಿಗೆ. ಮಳೆ ಬಂದ ಮೇಲೆ ಗಂಡಸರು ಕಲ್ಲು ಕೆತ್ತುವ ಕೆಲಸ ಹಿಡಿದರು, ಹೆಂಗಸರು ಹೆರಿಗೆ ಮಾಡಿಸುವ ಕೆಲಸ ಹಿಡಿದರು. ಕೋಟೆ ಕಟ್ಟಿದವರು ಅವರು. ಕೋಟೆಯೊಳಗೆ ಇದ್ದವರನ್ನೆಲ್ಲ ಭೂಮಿಗೆ ಇಳಿಸಿಕೊಂಡವರೂ ಅವರು. ಆದರೆ ಊರವರು ಅವರನ್ನು ಕರೆಯುತ್ತಿದ್ದದ್ದು ತಂಗಳರು ಅಂತ. ಒಂದು ಬೇಸಿಗೆ ತಿಂದ ಅನ್ನಕ್ಕೆ ನಾಲ್ಕು ತಲೆಮಾರಿನ ಹೆಸರು.

ಅವರು ತಮ್ಮನ್ನು ಬೆಳುಗಲ್ಲರು ಎಂದು ಕರೆದುಕೊಳ್ಳುತ್ತಿದ್ದರು. ಯಾರಾದರೂ ಕೇಳಿದರೆ ಹಾಗೆಂದೇ ಹೇಳುತ್ತಿದ್ದರು. ಯಾರೂ ಕೇಳಿರಲಿಲ್ಲ, ಅಷ್ಟೆ.

ಇನ್ನೊಂದು ಪದ್ಧತಿ ಹೇಳಬೇಕು, ಮರೆತೇನು. ಕೇದಗೆಪುರದಲ್ಲಿ ಮಗು ಹುಟ್ಟಿದ ಕೂಡಲೇ ಸೂಲಗಿತ್ತಿ ಅದರ ಕಿವಿಯಲ್ಲಿ ಒಂದು ಕೆಟ್ಟ ಹೆಸರು ಹೇಳುತ್ತಿದ್ದಳು. ಹರಕುಚಾಪೆ, ಸಗಣಿಮುದ್ದೆ, ಗೊಣ್ಣೆಬುರುಕ, ಇಂಥವು. ಒಳ್ಳೆಯ ಹೆಸರಿದ್ದರೆ ಸಾವು ಆಸೆಪಟ್ಟು ಎತ್ತಿಕೊಂಡು ಹೋಗುತ್ತದೆ, ಕೆಟ್ಟ ಹೆಸರಿದ್ದರೆ ಮೂಗು ಮುಚ್ಚಿಕೊಂಡು ಮುಂದಕ್ಕೆ ಹೋಗುತ್ತದೆ ಎಂದು ನಂಬಿಕೆ. ಅದಕ್ಕೆ ತೊಟ್ಟಿಲ ಹೆಸರು ಎನ್ನುತ್ತಿದ್ದರು. ಅರಮನೆಯ ಕಡತದಲ್ಲೂ ಬರೆಯುತ್ತಿದ್ದರು. ಏಳು ವರ್ಷ ತುಂಬಿದಾಗ ಮಗು ತಾನೇ ಸೂಲಗಿತ್ತಿಯ ಮುಂದೆ ನಿಂತು "ಇದು ನನಗೆ ಬೇಡ" ಎನ್ನಬೇಕು. ಅವಳು ತಲೆಯ ಮೇಲೆ ಜರಡಿ ಹಿಡಿದು ಮೂರು ಚೊಂಬು ನೀರು ಸುರಿಯುವಳು. ಹೆಸರು ತೊಳೆದುಹೋಯಿತು. ಕಡತದಲ್ಲಿ ಅದರ ಮೇಲೆ ಅಡ್ಡಗೆರೆ ಬಿತ್ತು. ಆಮೇಲೆ ಹೆತ್ತ ತಾಯಿಯೂ ಆ ಹೆಸರು ಎತ್ತುವಂತಿಲ್ಲ. ಹೊಸ ಹೆಸರು, ಹೋಳಿಗೆ ಊಟ.

ಹೀಗಿರುವಾಗ ದೊರೆಗೆ ಒಂದು ಆಸೆಯಾಯಿತು. ಹೆಬ್ಬಾಗಿಲಲ್ಲಿ ಒಂದು ದೊಡ್ಡ ಕಲ್ಲು ನಿಲ್ಲಿಸಿ, ಅದರ ಮೇಲೆ ಹನ್ನೆರಡು ಕುಲದ ಹೆಸರನ್ನೂ ಕೆತ್ತಿಸಬೇಕು, ಬಂದವರೆಲ್ಲ ನೋಡಬೇಕು. ಕೆತ್ತುವ ಕೆಲಸ ಬೆಳುಗಲ್ಲರ ಮಾಯಿಗನಿಗೆ ಬಂತು. ಒಂದೊಂದೇ ಸಾಲು ಕೆತ್ತುತ್ತ ಹನ್ನೊಂದು ಮುಗಿಸಿದ. ಹನ್ನೆರಡನೆಯದಕ್ಕೆ ಬಂದಾಗ ಉಳಿ ಕೆಳಗಿಟ್ಟು ಆಸ್ಥಾನಕ್ಕೆ ಬಂದು ಕೈಮುಗಿದ.

"ಮಹಾಸ್ವಾಮಿ, ತಂಗಳರು ಅಂತ ನನ್ನ ಕೈಯಾರೆ ಕೆತ್ತಲಾರೆ. ಅದು ನಮಗೆ ಬೈಗುಳ. ನಮ್ಮ ಹೆಸರು ಬೆಳುಗಲ್ಲರು. ಅದನ್ನು ಕೆತ್ತೋಕೆ ಅಪ್ಪಣೆಯಾಗಬೇಕು."

"ಬೈಗುಳವೇ?" ಎಂದ ದೊರೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮಂತ್ರಿಯ ಕಡೆ ನೋಡಿದ. ಮಂತ್ರಿ ಪಂಡಿತರ ಕಡೆ ನೋಡಿದ. ಪಂಡಿತರು ಕಣ್ಣು ಮುಚ್ಚಿದರು.

"ಪರಿಶೀಲಿಸಬೇಕು" ಎಂದರು.

ಪರಿಶೀಲನೆಗೆ ಮೂವರ ಸಮಿತಿಯಾಯಿತು. ಪಂಡಿತ ತ್ರಿಲೋಚನಯ್ಯನವರು, ಸೇನಾಪತಿ, ಉಗ್ರಾಣದ ಅಧಿಕಾರಿ. ಬೆಳುಗಲ್ಲರಲ್ಲಿ ಒಬ್ಬರಾದರೂ ಬೇಡವೇ ಎಂದು ಮಹಾರಾಣಿ ಕೇಳಿದಳು.

"ಅವರಿಗೆ ಈ ವಿಷಯದಲ್ಲಿ ಪಕ್ಷಪಾತ ಇರುತ್ತೆ, ಮಹಾರಾಣಿ" ಎಂದರು ಪಂಡಿತರು.

ಬೈಗುಳವಲ್ಲ ಎಂದು ತೀರ್ಮಾನವಾದರೆ ಮಾಯಿಗ ಕೆತ್ತಬೇಕು. ಕೆತ್ತದಿದ್ದರೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಗಡಿ ದಾಟಬೇಕು. ಇದು ಮಾಯಿಗನ ಪಾಲಿಗೆ. ಪಂಡಿತರ ಪಾಲಿಗೆ, ತೀರ್ಮಾನ ಯಾವುದಾದರೂ ಸರಿ, ಕಲ್ಲಿನ ನೆತ್ತಿಯ ಮೇಲೆ ಹನ್ನೆರಡೂ ಕುಲಕ್ಕಿಂತ ಮೇಲೆ ಅವರ ಹೆಸರು, ಶಬ್ದಸಾರ್ವಭೌಮ ಎಂಬ ಬಿರುದಿನ ಸಮೇತ. ಪಂಡಿತರು ಅಂದೇ ಮನೆಗೆ ಹೋಗಿ ಅಕ್ಷರ ಎಷ್ಟು ದಪ್ಪ ಇರಬೇಕು ಎಂದು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು ನೋಡಿದರು. ಇನ್ನೊಂಚೂರು ದಪ್ಪ ಬೇಕೆನಿಸಿತು.

ಮೊದಲನೆಯ ದಿನ ಸಮಿತಿ ಪಂಡಿತರ ಜಗಲಿಯಲ್ಲಿ ಸೇರಿತು. ಪಂಡಿತರು ಹಳೆಯ ಓಲೆಗರಿಯ ಕಟ್ಟು ಬಿಚ್ಚಿದರು. "ನೋಡಿ. ನೂರು ವರ್ಷದ ಹಿಂದಿನ ಬರಹ. ಇಲ್ಲೂ ತಂಗಳರು ಅಂತಲೇ ಇದೆ. ಬರೆದವರು ಯಾರು? ನಮ್ಮ ಮುತ್ತಾತ. ಅವರು ಯಾರಿಗಾದರೂ ಬೈದವರೇ? ಹಳೆಯ ಮಾತು ಬೈಗುಳ ಆಗೋದಿಲ್ಲ, ಇತಿಹಾಸ ಆಗುತ್ತೆ."

"ಹೌದು ಹೌದು" ಎಂದ ಸೇನಾಪತಿ. ಅವನಿಗೆ ಓದಲು ಬರುತ್ತಿರಲಿಲ್ಲ.

ಎರಡನೆಯ ದಿನ ಪಂಡಿತರು ಬಾಲ್ಯ ನೆನೆಸಿಕೊಂಡರು. "ನಮ್ಮ ಅಜ್ಜಿ ದಿನಾ ಹಿತ್ತಿಲಿಗೆ ಹೋಗಿ ಕೂಗೋರು, ಏ ತಂಗಳಿ, ಬಾರೇ ಇಲ್ಲಿ, ಅಂತ. ಎಂಥ ಅಕ್ಕರೆ! ಒಂದು ದಿನವೂ ಬರಿಗೈಲಿ ಕಳಿಸಲಿಲ್ಲ. ಅಕ್ಕರೆಯಿಂದ ಕರೆದದ್ದು ಬೈಗುಳ ಹೇಗಾಗುತ್ತೆ?" ಹೇಳುತ್ತ ಅವರ ಕಣ್ಣು ತೇವವಾಯಿತು. ತಮ್ಮ ಮನಸ್ಸು ಎಷ್ಟು ಮೃದು ಎಂದು ಅವರಿಗೇ ಆಶ್ಚರ್ಯವಾಯಿತು.

"ಹೌದು ಹೌದು" ಎಂದ ಉಗ್ರಾಣದ ಅಧಿಕಾರಿ. ಅವನಿಗೆ ಊಟದ ಹೊತ್ತಾಗಿತ್ತು.

ಮೂರನೆಯ ದಿನ ಪಂಡಿತರಿಗೇ ಅನಿಸಿತು, ಅವರನ್ನೂ ಒಂದು ಮಾತು ಕೇಳಿಬಿಡೋಣ, ನಾಳೆ ಯಾರೂ ಕೇಳಲಿಲ್ಲ ಅನ್ನಬಾರದು. ಅವರ ಕೊಟ್ಟಿಗೆಯಲ್ಲಿ ದನ ನೋಡಿಕೊಳ್ಳುವ ಬೊಮ್ಮ ಬೆಳುಗಲ್ಲರವನು. ಮಧ್ಯಾಹ್ನ, ಬೊಮ್ಮ ಹಿತ್ತಿಲಲ್ಲಿ ಎಲೆಯ ಮುಂದೆ ಕೂತಿದ್ದ. ಪಂಡಿತರ ಹೆಂಡತಿ ಬಡಿಸಲು ಸೌಟು ಎತ್ತಿದ್ದರು.

"ಒಂದು ನಿಮಿಷ ತಡಿಯೇ" ಎಂದರು ಪಂಡಿತರು. ಸೌಟು ಗಾಳಿಯಲ್ಲೇ ನಿಂತಿತು. "ಲೋ ಬೊಮ್ಮ, ತಂಗಳ ಅಂದರೆ ನಿನಗೇನಾದರೂ ಬೇಜಾರೇನೋ?"

ಬೊಮ್ಮ ಸೌಟು ನೋಡಿದ. ಪಂಡಿತರ ಮುಖ ನೋಡಿದ. ಮತ್ತೆ ಸೌಟು ನೋಡಿದ.

"ಇಲ್ಲ ಬುದ್ಧಿ."

"ನೋಡಿದಿರಾ!" ಎಂದರು ಪಂಡಿತರು, ಹಿಂದೆ ನಿಂತಿದ್ದ ಸಮಿತಿಯವರಿಗೆ. ಸೌಟು ಇಳಿಯಿತು. ಪರಿಶೀಲನೆ ಮುಗಿಯಿತು.

ಮರುದಿನ ಆಸ್ಥಾನ ತುಂಬಿತ್ತು. ಪಂಡಿತರು ಹೊಸ ಶಲ್ಯ ಹೊದ್ದು ಬಂದಿದ್ದರು. ಮೂಲೆಯಲ್ಲಿ ಮಾಯಿಗ ನಿಂತಿದ್ದ. ಅವನ ಪಕ್ಕದಲ್ಲಿ ಅವನ ತಾಯಿ ಈರಜ್ಜಿ, ಎಂಬತ್ತು ದಾಟಿದವಳು, ಗೋಡೆಗೆ ಒರಗಿ ಕೂತಿದ್ದಳು. ಅರಮನೆಯ ಸೂಲಗಿತ್ತಿಯಾದ್ದರಿಂದ ಆಸ್ಥಾನದಲ್ಲಿ ಕೂರುವ ಹಕ್ಕು ಅವಳಿಗಿತ್ತು. ಪಂಡಿತರು ಒಮ್ಮೆ ಆ ಕಡೆ ನೋಡಿದರು, ಮುದುಕಿ ಬದುಕಿದ್ದಾಳಲ್ಲ ಎಂದುಕೊಂಡರು, ಮರೆತರು.

ಮೂರು ಕಾರಣ ಹೇಳಿದರು. ಮಾತು ಹಳೆಯದು, ಬರಹದಲ್ಲಿದೆ, ಇತಿಹಾಸ. ಮಾತು ಅಕ್ಕರೆಯದು, ಅಜ್ಜಿಯ ಬಾಯಲ್ಲಿ ಕೇಳಿದ್ದೇವೆ. ಅವರಿಗೇ ಬೇಜಾರಿಲ್ಲ, ಬೊಮ್ಮನನ್ನು ಕೇಳಿದ್ದೇವೆ. ಆದ್ದರಿಂದ ಬೈಗುಳವಲ್ಲ. ಬೇಜಾರಾಗುತ್ತೆ ಅನ್ನುವವರು ಬೇಜಾರು ಮಾಡಿಕೊಳ್ಳೋದನ್ನು ಬಿಡಬೇಕು.

ಸಭೆ ತಲೆದೂಗಿತು. ಎಷ್ಟು ಸಲೀಸಾದ ತೀರ್ಮಾನ! ಯಾರೂ ಏನೂ ಬದಲಾಯಿಸಬೇಕಾಗಿಲ್ಲ, ಯಾರಿಗೆ ನೋವೋ ಅವರೊಬ್ಬರನ್ನು ಬಿಟ್ಟು.

"ಅಜ್ಜಿ, ನೀನೇನಾದರೂ ಹೇಳುವುದಿದೆಯೇ?" ಎಂದ ದೊರೆ.

ಈರಜ್ಜಿ ಗೋಡೆ ಹಿಡಿದು ಎದ್ದಳು. "ಏನಿಲ್ಲ ಮಹಾಸ್ವಾಮಿ. ಪಂಡಿತರ ಮೂರು ಮಾತೂ ನನಗೆ ಒಪ್ಪಿಗೆ. ಮಗ ಕೆತ್ತುತ್ತಾನೆ."

ಮಾಯಿಗ ತಾಯಿಯ ಕಡೆ ತಿರುಗಿ ಬಾಯಿ ತೆರೆದ. ಅವಳು ಅವನ ಕೈ ಒತ್ತಿದಳು. ಪಂಡಿತರಿಗೆ ಹಿಗ್ಗಾಯಿತು. ಅನುಭವಸ್ಥರು ಹೀಗಿರಬೇಕು ಎಂದುಕೊಂಡರು.

"ಒಂದು ಸಣ್ಣ ಅರಿಕೆ" ಎಂದಳು ಈರಜ್ಜಿ. "ಕಲ್ಲಿನ ನೆತ್ತಿಯ ಮೇಲೆ ಪಂಡಿತರ ಹೆಸರು ಬರಬೇಕಲ್ಲ? ಹಳೆಯ ಹೆಸರಿಗೇ ಮರ್ಯಾದೆ ಅಂತ ಈಗ ಇತ್ಯರ್ಥ ಆಯ್ತಲ್ಲ? ಹಾಗಾದರೆ ಪಂಡಿತರದೂ ಹಳೆಯ ಹೆಸರೇ ಇರಲಿ. ತೊಟ್ಟಿಲ ಹೆಸರು. ಇಟ್ಟವಳು ನಾನೇ. ಮಗನಿಗೆ ಅಕ್ಷರ ಹೇಳಿಕೊಡ್ತೀನಿ."

ಆಸ್ಥಾನದಲ್ಲಿ ಯಾರೋ ಕೆಮ್ಮಿದರು. ಪಂಡಿತರ ಶಲ್ಯ ಒಂದು ಹೆಗಲಿಂದ ಜಾರಿತು.

ನಲವತ್ತೆಂಟು ವರ್ಷ! ನಲವತ್ತೆಂಟು ವರ್ಷದಿಂದ ಆ ಹೆಸರನ್ನು ಅವರು ನೆನೆಸಿಕೊಂಡಿರಲಿಲ್ಲ. ಈಗ ಅದು ನೆನಪಿನ ತಳದಿಂದ ಎದ್ದು ಗಂಟಲಿಗೆ ಬಂದು ಕೂತಿತು, ಇಡಿಯಾಗಿ, ವಾಸನೆಯ ಸಮೇತ.

"ಅದು... ಅದು ತೊಳೆದುಹೋದ ಹೆಸರು" ಎಂದರು.

"ಕಡತದಲ್ಲಿದೆ ಬುದ್ಧಿ. ಅಡ್ಡಗೆರೆಯ ಕೆಳಗೆ ಚೆನ್ನಾಗಿ ಕಾಣುತ್ತೆ. ಬರಹದಲ್ಲಿದ್ದರೆ ಇತಿಹಾಸ ಅಂದಿರಲ್ಲ."

"ನಾಲ್ಕು ಜನರ ಮುಂದೆ ಹೇಳೋ ಮಾತೇ ಅದು?"

"ನಿಮ್ಮ ಅಜ್ಜಿ ನಡುಬೀದಿಯಲ್ಲಿ ನಿಂತು ಕೂಗೋರು. ನಾನೇ ಕೇಳಿದ್ದೀನಿ. ಎಂಥ ಅಕ್ಕರೆ!"

"ನನಗೆ ಅದು ಇಷ್ಟವಿಲ್ಲ!"

"ಇಟ್ಟ ದಿನ ನಿಮ್ಮನ್ನೇ ಕೇಳಿದ್ದೆ, ಬೇಜಾರೇನಪ್ಪ ಅಂತ. ನೀವು ಬೇಡ ಅನ್ನಲಿಲ್ಲ. ಬಾಯಲ್ಲಿ ಹಾಲಿತ್ತು. ಬೊಮ್ಮನ ಮುಂದೆ ಸೌಟಿದ್ದ ಹಾಗೆ."

ಸಭೆಯ ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಇನ್ನೊಬ್ಬ ನಗಲು ಹೋಗಿ ತನ್ನ ತೊಟ್ಟಿಲ ಹೆಸರು ನೆನಪಾಗಿ ಸುಮ್ಮನಾದ. ಸೇನಾಪತಿ ಸಮಿತಿಯ ಆಸನದಿಂದ ಮೆಲ್ಲಗೆ ಎದ್ದು ಕಂಬದ ಹಿಂದೆ ನಿಂತ. ಅವನನ್ನೂ ಭೂಮಿಗೆ ಇಳಿಸಿದವಳು ಇವಳೇ. ಉಗ್ರಾಣದ ಅಧಿಕಾರಿ ಆಗಲೇ ಬಾಗಿಲು ದಾಟಿದ್ದ.

"ಹೇಳಲೇ ಬುದ್ಧಿ? ನಾಲ್ಕೇ ಅಕ್ಷರ."

ಪಂಡಿತರು ಎರಡೂ ಕೈ ಎತ್ತಿದರು. ಶಲ್ಯ ಪೂರ್ತಿ ನೆಲಕ್ಕೆ ಬಿತ್ತು. "ಬೇಡ! ಹೇಳಬೇಡ! ಅದು ನಾನು ಬಿಟ್ಟ ಹೆಸರು! ಹೊತ್ತವನು ನಾನು! ಅದರ ನೋವು ನನಗೆ ಗೊತ್ತು, ಕರೆಯೋರಿಗೇನು ಗೊತ್ತು? ಕರೀಬೇಕೋ ಬಿಡಬೇಕೋ ಹೇಳೋನು ನಾನು! ನಾನು ಬೇಡ ಅಂದ ಮೇಲೆ ಮುಗೀತು!"

ಅಷ್ಟು ಹೇಳಿದ ಮೇಲೆ ಅವರಿಗೆ ತಮ್ಮ ಕಿವಿಗೆ ಬಿದ್ದದ್ದೇನು ಎಂದು ತಿಳಿಯಿತು. ಬಾಯಿ ಮುಚ್ಚಿದರು. ತಡವಾಗಿತ್ತು. ಆಸ್ಥಾನದ ಕರಣಿಕ ಪ್ರತಿ ಮಾತನ್ನೂ ಬರೆದುಕೊಂಡಿದ್ದ.

"ಸರಿ ಬುದ್ಧಿ, ಹೇಳೋದಿಲ್ಲ" ಎಂದಳು ಈರಜ್ಜಿ. "ನೀವು ಏಳು ವರ್ಷದ ಮಗು ಆಗಿದ್ದಾಗ ನನ್ನ ಮುಂದೆ ನಿಂತು ಬೇಡ ಅಂದಿರಿ. ನಾನು ಯಾಕೆ ಅಂತ ಕೇಳಲಿಲ್ಲ, ಸಮಿತಿ ಮಾಡಲಿಲ್ಲ, ಮೂರು ಚೊಂಬು ನೀರು ಹುಯ್ದೆ. ನಾವು ನಾಲ್ಕು ತಲೆಮಾರಿನಿಂದ ಬೇಡ ಅಂತಿದ್ದೀವಿ." ಹೇಳಿ ಕೂತಳು.

ದೊರೆ ಕರಣಿಕನ ಕಡೆ ತಿರುಗಿದ. "ಪಂಡಿತರು ಕಡೆಗೆ ಹೇಳಿದ್ದನ್ನು ಓದು."

ಕರಣಿಕ ಓದಿದ. "ಹೊತ್ತವನು ನಾನು. ಕರೀಬೇಕೋ ಬಿಡಬೇಕೋ ಹೇಳೋನು ನಾನು. ನಾನು ಬೇಡ ಅಂದ ಮೇಲೆ ಮುಗೀತು."

"ಇದೇ ತೀರ್ಪು" ಎಂದ ದೊರೆ, ಕೊಂಚ ಅವಸರದಲ್ಲೇ. ಅವನನ್ನು ಭೂಮಿಗೆ ಇಳಿಸಿಕೊಂಡವಳೂ ಈರಜ್ಜಿಯೇ ಎಂಬುದನ್ನು ನೀವು ಮರೆತಿಲ್ಲ ತಾನೆ? ದೊರೆಯೂ ಮರೆತಿರಲಿಲ್ಲ.

ಅಂದು ಸಂಜೆಯೊಳಗೆ ಮಾಯಿಗ ಹನ್ನೆರಡನೆಯ ಸಾಲು ಕೆತ್ತಿದ. ಬೆಳುಗಲ್ಲರು. ಉಳಿದ ಹನ್ನೊಂದಕ್ಕಿಂತ ಒಂದು ನೂಲಿನಷ್ಟು ಆಳವಾಗಿ ಕೆತ್ತಿದ ಎನ್ನುತ್ತಾರೆ. ನಾನು ಬೆರಳಿಟ್ಟು ನೋಡಿಲ್ಲ. ಆಸ್ಥಾನದ ಆಣತಿಯಂತೆ ತಂಗಳರು ಎಂಬ ಮಾತಿನ ಮೇಲೆ ಎಲ್ಲ ಕಡತಗಳಲ್ಲೂ ಅಡ್ಡಗೆರೆ ಬಿತ್ತು. ಬೆಳುಗಲ್ಲರ ಕೇರಿಯಲ್ಲಿ ಈರಜ್ಜಿ ಜರಡಿ ಹಿಡಿದು ನಿಂತಳು. ದೊಡ್ಡವರು, ಚಿಕ್ಕವರು, ಕೊಟ್ಟಿಗೆ ಕೆಲಸ ಬಿಟ್ಟು ಬಂದ ಬೊಮ್ಮ, ಒಬ್ಬೊಬ್ಬರೂ ಬಂದು ಮೂರು ಚೊಂಬು ನೀರು ಹುಯ್ಯಿಸಿಕೊಂಡರು.

ಕಲ್ಲಿನ ನೆತ್ತಿ ಖಾಲಿ ಉಳಿಯಿತು. ಯಾವ ಹೆಸರು ಕೆತ್ತಿಸೋಣ ಎಂದು ದೊರೆ ಹೇಳಿಕಳಿಸಿದ್ದಕ್ಕೆ, ತಮಗೆ ಹೆಸರಿನ ಮೋಹವಿಲ್ಲ ಎಂದು ಪಂಡಿತರು ಉತ್ತರ ಕೊಟ್ಟರಂತೆ. ಗೋಡೆಯ ಮೇಲಿನ ಸೀಮೆಸುಣ್ಣದ ಅಕ್ಷರವನ್ನು ಅವರ ಹೆಂಡತಿ ಒರೆಸಿದರು. ಒಂದು ತಿಂಗಳು ಕಳೆದ ಮೇಲೆ ಪಂಡಿತರು ಮತ್ತೆ ಜಗಲಿಗೆ ಬಂದು ಕೂತರು, ಎಲೆ ಅಡಿಕೆ ಜಗಿದರು. ಆ ಮಾತು ಬೈಗುಳವೆಂದು ಮೊಟ್ಟಮೊದಲು ಕಂಡುಹಿಡಿದವರು ತಾವೇ ಎಂದರು. ಎದುರಿಗೆ ಕೂತವರು ಹೌದು ಹೌದು ಎಂದರು.

ಈರಜ್ಜಿ ಆ ನಾಲ್ಕಕ್ಷರವನ್ನು ಯಾರಿಗೂ ಹೇಳದೆ ಸತ್ತಳು. ದೊರೆಯದನ್ನೂ ಹೇಳಲಿಲ್ಲ. ಆದ್ದರಿಂದ ಕೇಳಬೇಡಿ, ನನಗೂ ಗೊತ್ತಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ.

ನೀತಿ ಇಷ್ಟು: ಒಂದು ಹೆಸರು ನೋಯಿಸುತ್ತದೋ ಇಲ್ಲವೋ ಎಂದು ಹೇಳಬೇಕಾದವರು ಅದನ್ನು ಹೊತ್ತವರು, ಕರೆಯುವವರಲ್ಲ. ಅವರು ಬೇಡ ಎಂದರೆ ಬಿಟ್ಟುಬಿಡಿ. ಇಷ್ಟನ್ನು ತಿಳಿಯೋಕೆ ಏಳು ವರ್ಷದ ಮಗುವಾಗಿದ್ದರೆ ಸಾಕು. ಪಂಡಿತರಾಗಿದ್ದರೆ ಕೊಂಚ ಕಷ್ಟ.