ಕೋವಿಯ ಕಡತ, ದೊರೆಯ ಮೀಸೆ

ಕರಡಿದುರ್ಗದ ಕೋವಿಖಾನೆಯ ಅಧಿಕಾರಿ ಮುದ್ದರಾಜಯ್ಯ ಸಿಕ್ಕವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. “ಈ ಸೀಮೆಯಲ್ಲಿ ಕೋವಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅನ್ನೋದಕ್ಕೆ ಹನ್ನೆರಡು ನಿಯಮಗಳಿವೆ. ಹನ್ನೆರಡೂ ನನ್ನ ಕಡತದಲ್ಲಿವೆ. ಆ ಕಡತವನ್ನು ನನ್ನ ಬಿಟ್ಟು ಒಂದು ನರಪಿಳ್ಳೆಯೂ ನೋಡಿಲ್ಲ!”

ಕೋವಿ ಬೇಕಾದವರು ಅವನ ಜಗಲಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಅವನು ಒಳಗೆ ಹೋಗುತ್ತಿದ್ದ, ಕಡತ ನೋಡಿ ಬರುತ್ತಿದ್ದ, “ಆಗುತ್ತೆ” ಇಲ್ಲವೇ “ಆಗಲ್ಲ” ಅನ್ನುತ್ತಿದ್ದ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: “ಅದು ಗುಟ್ಟು.”

ಕಾಡಂಚಿನ ದ್ಯಾಮವ್ವ ಹೀಗೆ ಮೂರು ಸಲ “ಆಗಲ್ಲ” ಅನ್ನಿಸಿಕೊಂಡಿದ್ದಳು. ಗಂಡ ತೀರಿಕೊಂಡ ದಿನವೇ ಅವನ ಕೋವಿಯನ್ನು ಕೋವಿಖಾನೆಯವರು ಹೊತ್ತೊಯ್ದಿದ್ದರು. ಸುದ್ದಿ ಗೊತ್ತಾದಂತೆ ಕಾಡುಹಂದಿಗಳು ಹಾಡುಹಗಲೇ ಅವಳ ಗೆಣಸಿನ ಹೊಲಕ್ಕೆ ನುಗ್ಗತೊಡಗಿದವು. ಅವಳು ನೇರವಾಗಿ ಆಸ್ಥಾನದ ಮಾತುಗಾರ ಓಬಯ್ಯನ ಮನೆಗೆ ಬಂದಳು.

“ಏನ್ ತಪ್ಪು ಅಂತ ಹೇಳಿದ್ರೆ ತಿದ್ಕಂತೀನಿ ಕಣಪ್ಪಾ. ಏನಂತ್ಲೇ ಹೇಳಾಕಿಲ್ಲ ಅಂದ್ರೆ ಏನ್ ತಿದ್ಕಳ್ಳಲಿ? ಇನ್ನೆಂಟು ದಿನ ಹಿಂಗೇ ಬಿಟ್ರೆ ಒಂದು ಗೆಡ್ಡೆನೂ ಉಳಿಯಾಕಿಲ್ಲ. ಆಮ್ಯಾಕೆ ವರ್ಷವೆಲ್ಲ ನಾನು ಮಣ್ಣು ತಿನ್ಲಾ?”

“ಆಗಲಿ, ನಾನು ನೋಡ್ತೀನಿ” ಎಂದ ಓಬಯ್ಯ. ಮರುದಿನವೇ ದೊರೆ ಭೂಪಾಲನಾಯಕನ ನ್ಯಾಯಚಾವಡಿಯಲ್ಲಿ ಮುದ್ದರಾಜಯ್ಯನ ಮೇಲೆ ಫಿರ್ಯಾದು ಹಾಕಿದ. “ಪ್ರಭು, ಕೋವಿಯ ನಿಯಮಗಳನ್ನು ಜನಕ್ಕೆ ತೋರಿಸಬೇಕು.”

ಮುದ್ದರಾಜಯ್ಯ ಕಿವಿ ಮುಚ್ಚಿಕೊಂಡ. “ಬೇಡಿ ಪ್ರಭು! ನಿಯಮ ಗೊತ್ತಾದರೆ ಕಳ್ಳರೆಲ್ಲ ಅದಕ್ಕೆ ತಕ್ಕಂತೆ ವೇಷ ಹಾಕಿಕೊಂಡು ಬರುತ್ತಾರೆ. ಊರೆಲ್ಲ ಢಂ ಢಂ!”

ದೊರೆಗೆ ಹೆದರಿಕೆಯಾಯಿತು. “ಫಿರ್ಯಾದು ವಜಾ! ಓಬಯ್ಯ, ಇನ್ನೊಮ್ಮೆ ಈ ಮಾತೆತ್ತಿದರೆ ನಿನಗೆ ಗಡಿಪಾರು.”

“ಅಪ್ಪಣೆ” ಎಂದು ಓಬಯ್ಯ ಅಲ್ಲಿಂದ ಸೀದಾ ಕ್ಷೌರಿಕ ಮುನಿಯನ ಮುಂದೆ ಹೋಗಿ ಕೂತ. ಆಚೀಚೆ ನೋಡಿ ಪಿಸುಗುಟ್ಟಿದ.

“ಯಾರಿಗೂ ಹೇಳಬೇಡ ಮುನಿಯಾ. ಕೋವಿಯ ಕಡತದಲ್ಲಿ ಮೊದಲನೇ ನಿಯಮವೇ ಇದು: ಮೀಸೆ ಇರೋರಿಗೆ ಕೋವಿ ಇಲ್ಲ. ಕಿಡಿ ಹಾರಿ ಮೀಸೆಗೆ ಹತ್ತಿಕೊಳ್ಳುತ್ತಂತೆ.”

ಮುನಿಯ ಯಾರಿಗೂ ಹೇಳಲಿಲ್ಲ. ಗಡ್ಡ ಕೆರೆಸಲು ಬಂದವರಿಗೆ ಮಾತ್ರ ಹೇಳಿದ.

ಮಹಾನವಮಿ ಹತ್ತಿರ ಬಂದಿತ್ತು. ಕರಡಿದುರ್ಗದಲ್ಲಿ ಕೋವಿ ಇದ್ದವರೆಲ್ಲ ಮಹಾನವಮಿಗೆ ಅಪ್ಪಣೆ ಚೀಟಿ ಹೊಸದು ಮಾಡಿಸಬೇಕು. ಅರಸನೂ ಮಾಡಿಸಬೇಕೆಂದು ದೊರೆಯ ಅಜ್ಜ ಕಟ್ಟಳೆ ಮಾಡಿದ್ದ. ಎರಡೇ ದಿನದಲ್ಲಿ ಬೇಟೆಗಾರರ ಮೀಸೆ ಹೋಯಿತು, ಕಾವಲಿನವರದು ಹೋಯಿತು, ಕೋಟೆಯ ಎಪ್ಪತ್ತು ವರ್ಷದ ತಳವಾರನದೂ ಹೋಯಿತು. ಅವನ ಮನೆಯವರೇ ಅವನನ್ನು ಬಾಗಿಲಲ್ಲಿ ತಡೆದು ಯಾರು ನೀವು ಎಂದು ಕೇಳಿದರಂತೆ.

ದೊರೆಗೆ ಬೇಟೆಯೆಂದರೆ ಪ್ರಾಣ, ಮೀಸೆಯೆಂದರೂ ಪ್ರಾಣ. ಮುದ್ದರಾಜಯ್ಯನನ್ನು ಕರೆಸಿ ಕೇಳಿದ. “ಮೀಸೆಯ ನಿಯಮ ನಿಜವೇನಯ್ಯಾ?”

ಮುದ್ದರಾಜಯ್ಯ ಗತ್ತಿನಿಂದ, “ಅದು ಗುಟ್ಟು ಪ್ರಭು. ಹೌದು ಅನ್ನಲಾರೆ, ಅಲ್ಲ ಅನ್ನಲಾರೆ” ಎಂದ.

ದೊರೆ ನಿಟ್ಟುಸಿರು ಬಿಟ್ಟು ಮುನಿಯನಿಗೆ ಹೇಳಿಕಳಿಸಿದ.

ಮರುದಿನ ಬೋಳು ತುಟಿಯ ದೊರೆ ಸಭೆಗೆ ಬಂದ. ಮುದ್ದರಾಜಯ್ಯ ಯಾರ ಕಿತಾಪತಿ ಇದು ಎಂದು ವಿಚಾರಿಸಿ, ಮುನಿಯನ ಬಾಯಿಬಿಡಿಸಿ, ಓಬಯ್ಯನನ್ನು ಎಳೆದು ತರಿಸಿದ.

“ಪ್ರಭು, ಕೋವಿಯ ನಿಯಮದ ಮಾತೆತ್ತಿದ್ದಾನೆ. ಗಡಿಪಾರು ಮಾಡಿ!”

ಓಬಯ್ಯ ಕೈಮುಗಿದ. “ಆಗಲಿ ಪ್ರಭು. ಆದರೆ ನಾನು ಹೇಳಿದ್ದು ನಿಜವೋ ಸುಳ್ಳೋ?”

“ಹಸೀ ಸುಳ್ಳು!” ಮುದ್ದರಾಜಯ್ಯ ಕಿರುಚಿದ. “ಅಂಥ ನಿಯಮವೇ ಇಲ್ಲ!”

ದೊರೆಯ ಕೈ ಮೀಸೆ ಇದ್ದ ಜಾಗಕ್ಕೆ ಹೋಯಿತು. “ಇಲ್ಲವೇ? ನಿನ್ನೆ ನಾನು ಕೇಳಿದಾಗ ಬಾಯಲ್ಲಿ ಏನಿಟ್ಟುಕೊಂಡಿದ್ದೆ? ರಾಣಿಯವರು ನನ್ನ ಮುಖ ನೋಡಿ ಬೆಳಗಿನಿಂದ ನಗುತ್ತಿದ್ದಾರೆ!”

“ಅದು... ಗುಟ್ಟು ಪ್ರಭು...”

“ನೋಡಿ ಪ್ರಭು,” ಎಂದ ಓಬಯ್ಯ, “ಇವರು ಸುಳ್ಳು ಅಂತಾರೆ, ನಾನು ನಿಜ ಅಂತೀನಿ. ಕಡತ ಬಿಚ್ಚದೆ ನನ್ನನ್ನು ಗಡಿಪಾರು ಮಾಡಿದರೆ, ನಾನು ನಿಜ ಹೇಳಿದ್ದಕ್ಕೇ ಓಡಿಸಿದರು ಅಂತ ಊರೆಲ್ಲ ನಂಬುತ್ತೆ. ಆಮೇಲೆ ಈ ಸೀಮೆಯಲ್ಲಿ ಯಾರೂ ಮೀಸೆ ಬಿಡೋದಿಲ್ಲ. ತಾವೂ ಸಹ.”

“ತನ್ನಿ ಆ ಕಡತ!” ದೊರೆ ಗುಡುಗಿದ.

ಕಡತ ಬಂತು. ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಸಿಟ್ಟ ಕರಿಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ದೊರೆ ಒಂದೊಂದೇ ಮಡಿಕೆ ಬಿಚ್ಚಿದ. ಎಲ್ಲಿಯೂ ಒಂದಕ್ಷರವಿಲ್ಲ. ಬರೀ ಒರೆಸಿದ ಬಿಳಿ ಕಲೆಗಳು.

“ಎಲ್ಲಯ್ಯಾ ಹನ್ನೆರಡು ನಿಯಮ?”

ಮುದ್ದರಾಜಯ್ಯ ದೊರೆಯ ಕಾಲಿಗೆ ಬಿದ್ದ. “ಬಂದವರ ಮುಖ ನೋಡಿ ಒಂದು ಬರೆಯುತ್ತಿದ್ದೆ ಪ್ರಭು. ಅವರು ಹೋದ ಮೇಲೆ ಒರೆಸುತ್ತಿದ್ದೆ. ನಿಯಮ ಎಲ್ಲರಿಗೂ ಗೊತ್ತಾದರೆ ನನ್ನ ಜಗಲಿ ಮುಂದೆ ಯಾರು ಕೈಕಟ್ಟಿ ನಿಲ್ಲುತ್ತಾರೆ?”

ದೊರೆ ಅಲ್ಲೇ ತೀರ್ಪು ಕೊಟ್ಟ. ಕೋವಿಯ ನಿಯಮಗಳನ್ನು ಇನ್ನು ಕಲ್ಲಿನಲ್ಲಿ ಕೆತ್ತಿಸಿ ಕೋಟೆ ಬಾಗಿಲಲ್ಲಿ ನಿಲ್ಲಿಸಬೇಕು. ದ್ಯಾಮವ್ವನ ಕೋವಿ ಈ ಗಳಿಗೆಯೇ ಅವಳ ಕೈಗೆ ಹೋಗಬೇಕು. ಮಹಾನವಮಿಯ ತನಕ ಅವಳ ಗೆಣಸಿನ ಹೊಲವನ್ನು ಮುದ್ದರಾಜಯ್ಯನೇ ತಮಟೆ ಬಡಿದು ಕಾಯಬೇಕು.

ಆಮೇಲೆ ಓಬಯ್ಯನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದ.

“ಅವನದು ಮುಗಿಯಿತು. ನಿನ್ನದು? ಕಡತದಲ್ಲಿ ಏನೂ ಇಲ್ಲ ಅಂದಮೇಲೆ ಮೀಸೆಯ ನಿಯಮವೂ ಇಲ್ಲ. ದೊರೆಯ ಮೀಸೆ ಬೋಳಿಸುವಂಥ ಸುಳ್ಳು ಹೇಳಿದೆಯಲ್ಲ, ಅದಕ್ಕೇನು ಶಿಕ್ಷೆ?”

“ಸುಳ್ಳೆಲ್ಲಿ ಬಂತು ಪ್ರಭು?” ಎಂದ ಓಬಯ್ಯ. “ಇವರ ಹನ್ನೆರಡು ನಿಯಮ ಯಾರಿಗೂ ಗೊತ್ತಿರಲಿಲ್ಲ, ಯಾರೂ ಪಾಲಿಸಲಿಲ್ಲ. ನನ್ನದು ಇಡೀ ಊರಿಗೆ ಗೊತ್ತಿತ್ತು, ಸಾಕ್ಷಾತ್ ದೊರೆಗಳೇ ಪಾಲಿಸಿದರು. ಕರಡಿದುರ್ಗದಲ್ಲಿ ಕೋವಿಗೆ ಅಂತ ಇಲ್ಲಿಯ ತನಕ ಇದ್ದ ನಿಯಮ ಅದೊಂದೇ!”

ದೊರೆ ಬೋಳು ತುಟಿ ಸವರಿಕೊಂಡು, ಸಭೆಯೆಲ್ಲ ಬೆಚ್ಚುವಂತೆ ಗಹಗಹಿಸಿ ನಕ್ಕುಬಿಟ್ಟ.